ಆವರಣದ ಮುಂದಿನ ಮೈನಸ್ಸಿಗೆ ಕೊನೆಗೂ ಮದ್ದು ಸಿಕ್ಕಿತು

7 − 2(ಕ − 3). ಈ ಒಂದು ಲೆಕ್ಕ ನನ್ನ ಮೂರು ವರ್ಷ ತಿಂದಿದೆ. (ಎಕ್ಸ್ ಬದಲು ಇಲ್ಲಿ ಕ ಬರೆದಿದ್ದೇನೆ.)

3(ಕ + 4) ಕೊಟ್ಟರೆ ಟ್ಯೂಷನ್ ಮಕ್ಕಳು ಕಣ್ಮುಚ್ಚಿ 3ಕ + 12 ಬರೆಯುತ್ತಾರೆ. ಮುಂದೆ ಮೈನಸ್ ಬಂತೋ, ಮುಗಿಯಿತು ಕತೆ. 25 ಮಂದಿಯಲ್ಲಿ ಸುಮಾರು 17 ಮಂದಿ ತಪ್ಪು. ಕೆಲವರು 7ರಲ್ಲಿ 2 ಕಳೆದು 5(ಕ − 3) ಮಾಡಿಬಿಡುತ್ತಿದ್ದರು. ಉಳಿದವರದು 7 − 2ಕ − 6.

ಮೊದಲು ದುಡ್ಡು ಸುರಿದೆ. ಬೀಜಗಣಿತದ ಬಣ್ಣದ ಟೈಲ್ಸ್ (ಅಂಕಿ, ಕ ಇವುಗಳ ಬದಲು ಜೋಡಿಸುವ ಬಿಲ್ಲೆಗಳು) ತರಿಸಿದೆ. ಹೆಚ್ಚುಕಡಿಮೆ ಇಬ್ಬರು ಮಕ್ಕಳ ತಿಂಗಳ ಫೀಸು ಅದಕ್ಕೇ ಹೋಯಿತು. ಪ್ಲಸ್ ಇರುವವರೆಗೆ ಚೆನ್ನಾಗಿತ್ತು. ಋಣ ಸಂಖ್ಯೆ ಬಂದರೆ ಟೈಲ್ಸ್ ಮಗುಚಬೇಕು. ಯಾವುದು ಮಗುಚಿದ್ದು, ಯಾವುದು ಮಗುಚದ್ದು ಅಂತ ನನಗೇ ಗೊಂದಲ. ಆ ಡಬ್ಬಿ ಈಗ ಅಟ್ಟದ ಮೇಲಿದೆ. ಆಮೇಲೆ "ಮೈನಸ್ ಇಂಟು ಮೈನಸ್ ಪ್ಲಸ್" ಅಂತ ಬಾಯಿಪಾಠ ಮಾಡಿಸಿದೆ. ಇನ್ನೂ ಕೆಟ್ಟಿತು. −3 − 2 ಕಂಡರೂ ಪ್ಲಸ್ 5 ಅನ್ನತೊಡಗಿದರು!

ಕೊನೆಗೆ ಗೆದ್ದದ್ದು ಪೆನ್ಸಿಲ್. ಲೆಕ್ಕ ಮುಟ್ಟುವ ಮೊದಲೇ ಆವರಣದ ಮುಂದಿನ ಅಂಕಿಗೆ, ಅದರ ಚಿಹ್ನೆಯನ್ನೂ ಸೇರಿಸಿ, ಒಂದು ಸುತ್ತು. ಅದರೊಳಗೆ ಇರುವುದು −2, ಬರೀ 2 ಅಲ್ಲ. ಆವರಣದ ಒಳಗೂ ಹಾಗೆಯೇ, ಕ ಒಂದು ಸುತ್ತು, −3 ಇನ್ನೊಂದು. ಸುತ್ತಿನಿಂದ ಸುತ್ತಿಗೆ ಬಾಣ. ಮೊದಲ ಬಾಣಕ್ಕೆ −2ಕ, ಎರಡನೆಯದಕ್ಕೆ +6. 7 ಹೊರಗೆ ಸುಮ್ನೆ ಕೂತಿರುತ್ತದೆ, ಅದಕ್ಕೆ ಬಾಣವೇ ಇಲ್ಲ. ಸಜಾತಿ ಪದ (ಇಲ್ಲಿ 7 ಮತ್ತು 6) ಕೂಡಿಸಿದರೆ 13 − 2ಕ.

"ಹೈಸ್ಕೂಲ್ ಮಕ್ಕಳ ಕೈಲಿ ಸುತ್ತು ಹಾಕಿಸ್ತೀರಾ?" ಅಂತ ಪರಿಚಯದ ಮೇಷ್ಟ್ರೊಬ್ಬರು ನಕ್ಕಿದ್ದರು. ಎರಡು ವಾರ ಬಿಟ್ಟು ಅಂಥದೇ ಟೆಸ್ಟ್ ಕೊಟ್ಟೆ. ತಪ್ಪಿದವರು 3 ಜನವೋ 4 ಜನವೋ ಅಷ್ಟೇ. ಈಗ ಆ ಮೇಷ್ಟ್ರ ಬೋರ್ಡಿನ ಮೇಲೂ ಸುತ್ತುಗಳಿವೆ. ಹೇಳಿಕೊಟ್ಟವರು ಯಾರು ಅಂತ ಮಾತ್ರ ಅವರು ಹೇಳುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ನಡೆಯಿತು. ಉತ್ತರ ತಾಳೆ ನೋಡಲು ಕ ಜಾಗಕ್ಕೆ 2 ಹಾಕಿಸುತ್ತಿದ್ದೆ. ಒಬ್ಬಳು ಕ(ಕ + 3) ಅನ್ನು (ಸರಿ ಉತ್ತರ ಕ² + 3ಕ) 2ಕ + 3ಕ ಅಂತ ಬರೆದು "ತಾಳೆ ಆಯ್ತು ಸರ್" ಅಂದಳು. ನೋಡಿದರೆ ನಿಜ, ಎರಡೂ ಕಡೆ 10! 2 ಹಾಕಿದರೆ ಕ² ಕೂಡ 4, 2ಕ ಕೂಡ 4, ಅಲ್ವಾ? 0 ಹಾಕಿದರೆ ಕ ಇರುವ ಪದಗಳೆಲ್ಲ ಮಾಯ. 1 ಹಾಕಿದರೆ ಕ, ಕ² ಎರಡೂ ಒಂದೇ. ಅವತ್ತಿನಿಂದ 10 ಹಾಕಿಸುತ್ತೇನೆ. ಮೇಲಿನ ಲೆಕ್ಕದಲ್ಲಿ 7 − 14 = −7, ಆ ಕಡೆ 13 − 20, ಅದೂ −7.

ಎರಡು ಆವರಣ ಪಕ್ಕಪಕ್ಕ ಬಂದಾಗ ಬಾಣಗಳು ಸಿಕ್ಕು ಹಾಕಿಕೊಳ್ಳದಂತೆ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಬ್ಯಾಚಿನ ಮಕ್ಕಳಿಗೆ ಮಾತ್ರ.