ತೋಟದ ಕಚೇರಿಗೆ ಸೋಗೋ ಅಳವಡಿಸಿದ ನನ್ನ ಅನುಭವ

ವಿರಾಜಪೇಟೆಯ ಹತ್ತಿರದ ಕಾಫಿ ತೋಟವೊಂದರ ಕಚೇರಿಯಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರುಗಳ ಹೊಣೆಯೂ ನನ್ನದು. ತೋಟಗಳು ಮೂರು, ಹೋಂಸ್ಟೇ ಒಂದು, ಮೇಲ್ ಖಾತೆಗಳು 22. ನಾವು ಮೇಲ್ ಮತ್ತು ಕ್ಯಾಲೆಂಡರಿಗೆ ಬಳಸುತ್ತಿದ್ದ ಎಕ್ಸ್‌ಚೇಂಜ್ 2016 ಎಂಬ ಸರ್ವರ್ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿದ್ದುದರಿಂದ, ಆ ವರ್ಷದ ಮೇ ತಿಂಗಳಿನಲ್ಲಿ, ಮಳೆಗಾಲ ಹಿಡಿಯುವ ಮುನ್ನವೇ, ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿದೆ. ಅದರಲ್ಲಿ ಕ್ಯಾಲೆಂಡರನ್ನು ನೋಡಿಕೊಳ್ಳುವ ಭಾಗವೇ ಸೋಗೋ.

ಮೊದಲು ನೋಡಿದ್ದು ಜಿಂಬ್ರಾ ಎಂಬ ಮೇಲ್ ಸರ್ವರ್ ತಂತ್ರಾಂಶ. ಆದರೆ ಅದರ 9ನೆಯ ಆವೃತ್ತಿಯಿಂದ ಮುಕ್ತ ಆವೃತ್ತಿಯ ಸಿದ್ಧ ಪ್ಯಾಕೇಜುಗಳನ್ನು ಕಂಪನಿ ಕೊಡುತ್ತಿಲ್ಲ. ಮೂಲ ಸಂಕೇತದಿಂದ ಕಟ್ಟಿಕೊಳ್ಳುತ್ತಾ ಕೂರುವಷ್ಟು ಬಿಡುವು ನನಗಿರಲಿಲ್ಲ. ಕೊನೆಗೆ ಮೇಲ್‌ಕೌ ಎಂಬ ಮುಕ್ತ ಮೇಲ್ ಸರ್ವರ್ ಕಟ್ಟನ್ನು ಆರಿಸಿದೆ. ಮೇಲ್ ರವಾನಿಸುವ ಪೋಸ್ಟ್‌ಫಿಕ್ಸ್, ಬಂದ ಮೇಲ್ ಇಟ್ಟುಕೊಡುವ ಡವ್‌ಕಾಟ್, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ ಮತ್ತು ಕ್ಯಾಲೆಂಡರಿಗಾಗಿ ಸೋಗೋ, ಇವೆಲ್ಲ ಅದರಲ್ಲಿ ಡಾಕರ್ (ತಂತ್ರಾಂಶಗಳನ್ನು ಸಿದ್ಧ ಪೊಟ್ಟಣಗಳಾಗಿ ಓಡಿಸುವ ಸಾಧನ) ಮೂಲಕ ಒಟ್ಟಿಗೇ ಬರುತ್ತವೆ. ಸರ್ವರನ್ನು ಕಚೇರಿಯಲ್ಲೇ ಇಡುವ ಆಸೆಯಿತ್ತು. ಆದರೆ ಆಷಾಢದ ಗಾಳಿಗೆ ಮರ ಬಿದ್ದು ಎರಡು ಮೂರು ದಿನ ವಿದ್ಯುತ್ ಇಲ್ಲದಿರುವುದು ಇಲ್ಲಿ ಹೊಸದಲ್ಲ. ನಮ್ಮ ಬ್ರಾಡ್‌ಬ್ಯಾಂಡಿಗೆ ಸ್ಥಿರ (ಬದಲಾಗದ) ಐಪಿ ವಿಳಾಸವಾಗಲಿ, ಆ ವಿಳಾಸ ಯಾವ ಹೆಸರಿನದೆಂದು ತಿಳಿಸುವ ರಿವರ್ಸ್ ಡಿಎನ್‌ಎಸ್ ದಾಖಲೆಯಾಗಲಿ ಇರಲಿಲ್ಲ. ಇವಿಲ್ಲದೆ ಕಳುಹಿಸಿದ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದೇ ಹೆಚ್ಚು. ಹೀಗಾಗಿ ಬೆಂಗಳೂರಿನಲ್ಲಿ 8 ಜಿಬಿ ಮೆಮೊರಿಯ ಬಾಡಿಗೆ ಸರ್ವರೊಂದನ್ನು ಪಡೆದು, ಮೇಲ್ ನಿಜಕ್ಕೂ ನಮ್ಮಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಸೇರಿಸಿದೆ.

ಹಳೆಯ ಮೇಲ್‌ಗಳನ್ನು ಐಮ್ಯಾಪ್‌ಸಿಂಕ್ ಎಂಬ ನಕಲು ಸಾಧನ ಎರಡು ರಾತ್ರಿಗಳಲ್ಲಿ ಸಾಗಿಸಿತು. ಅದರ ಬಗ್ಗೆ ಹೇಳುವುದೇನೂ ಇಲ್ಲ. ನನ್ನನ್ನು ಸತಾಯಿಸಿದ್ದು ಕ್ಯಾಲೆಂಡರು.

ಹೋಂಸ್ಟೇಯ ಕೋಣೆಗಳ ಬುಕಿಂಗನ್ನು ನಾವು ಇಡೀ ದಿನದ ಕಾರ್ಯಕ್ರಮಗಳಾಗಿ ನಮೂದಿಸುತ್ತಿದ್ದೆವು. ಅವನ್ನು ಹೊರತೆಗೆಯಲು ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಭಾರತದ ಮಧ್ಯರಾತ್ರಿ ಎಂದರೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಹಿಂದಿನ ದಿನದ ಸಂಜೆ 6.30, ನನ್ನ ಸ್ಕ್ರಿಪ್ಟ್ ಆ ಸಮಯವನ್ನು ಕತ್ತರಿಸಿ ದಿನಾಂಕವನ್ನಷ್ಟೇ ಉಳಿಸಿಕೊಂಡಿದ್ದರಿಂದ, ಎಲ್ಲ ಬುಕಿಂಗ್‌ಗಳೂ ಒಂದು ದಿನ ಹಿಂದಕ್ಕೆ ಸರಿದಿದ್ದವು. ತಲಕಾವೇರಿಯ ತೀರ್ಥೋದ್ಭವಕ್ಕೆಂದು ಅಕ್ಟೋಬರ್ 17ಕ್ಕೆ ಕಾದಿರಿಸಿದ್ದ ಕೋಣೆಗಳು 16ರಲ್ಲಿ ಕಾಣಿಸುತ್ತಿದ್ದವು. ಹೋಂಸ್ಟೇ ನೋಡಿಕೊಳ್ಳುವ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿಯೂ ಪೆನ್ಸಿಲಿನಿಂದ ಬರೆದಿಡುವವರಾದ್ದರಿಂದ ತಪ್ಪು ಸಿಕ್ಕಿಬಿತ್ತು. ಆ ಅಭ್ಯಾಸವನ್ನು ಬಿಡಿ ಎಂದು ಅವರಿಗೆ ಹೇಳುತ್ತಿದ್ದವನು ನಾನೇ. ದಿನಾಂಕವನ್ನು ಭಾರತೀಯ ಸಮಯಕ್ಕೆ ಪರಿವರ್ತಿಸಿದ ಮೇಲಷ್ಟೇ ಕತ್ತರಿಸುವಂತೆ ತಿದ್ದಿ, ಎಲ್ಲವನ್ನೂ ಮತ್ತೆ ತುಂಬಿದೆ.

ತೋಟದ ಕೆಲಸ ನೋಡಿಕೊಳ್ಳುವ ರೈಟರುಗಳ ಆಂಡ್ರಾಯ್ಡ್ ಫೋನುಗಳಿಗೆ, ಸರ್ವರಿನ ಕ್ಯಾಲೆಂಡರನ್ನು ಫೋನಿಗೆ ತರುವ ಡ್ಯಾವ್‌ಎಕ್ಸ್5 ಆ್ಯಪ್ ಹಾಕಿದೆ. ಹಂಚಿಕೊಂಡ ಕ್ಯಾಲೆಂಡರಿಗೆ ಪ್ರತಿಯೊಬ್ಬರೂ ಮೊದಲು ಸೋಗೋದ ವೆಬ್ ಪುಟದಲ್ಲಿ ಚಂದಾದಾರರಾಗಬೇಕು, ಇಲ್ಲದಿದ್ದರೆ ಅದು ಫೋನಿನಲ್ಲಿ ಕಾಣಿಸದು ಎಂಬುದು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಆದರೆ ಜುಲೈನಲ್ಲಿ ನೆಟ್‌ವರ್ಕ್ ಹೋದಾಗ ಈ ವ್ಯವಸ್ಥೆಯ ಗುಣ ಗೊತ್ತಾಯಿತು: ಕ್ಯಾಲೆಂಡರಿನ ನಕಲು ಫೋನಿನಲ್ಲೇ ಇರುವುದರಿಂದ ಗೊಬ್ಬರದ ಲಾರಿ ಬರುವ ದಿನ ಎಲ್ಲರಿಗೂ ಕಾಣಿಸುತ್ತಲೇ ಇತ್ತು, ಸೇರಿಸಿದ ಬದಲಾವಣೆಗಳು ನೆಟ್‌ವರ್ಕ್ ಮರಳಿದ ಮೇಲೆ ಸರ್ವರಿಗೆ ಹೋದವು.

ಔಟ್‌ಲುಕ್ ಬಿಡಲೊಪ್ಪದವರು ಇಬ್ಬರಿದ್ದಾರೆ. ಔಟ್‌ಲುಕ್‌ಗೆ ಕ್ಯಾಲ್‌ಡ್ಯಾವ್ (ಸರ್ವರಿನೊಂದಿಗೆ ಕ್ಯಾಲೆಂಡರ್ ಹಂಚಿಕೊಳ್ಳುವ ಮುಕ್ತ ವಿಧಾನ) ತಾನಾಗಿ ಬಾರದು. ಅವರಿಗಾಗಿ ಔಟ್‌ಲುಕ್ ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್ ಎಂಬ ಮುಕ್ತ ಆಡ್-ಇನ್ ಹಾಕಿಕೊಟ್ಟಿದ್ದೇನೆ. ಉಳಿದವರೆಲ್ಲ ಥಂಡರ್‌ಬರ್ಡ್ ಎಂಬ ಮುಕ್ತ ಮೇಲ್ ತಂತ್ರಾಂಶಕ್ಕೆ ಬಂದಿದ್ದಾರೆ.