ಓಪನ್ ಕಾರಿನ ಬಾಗಿಲು ಕೂರ್ತಿಲ್ವಾ? ಹಿಂಜ್ ಮುಟ್ಟುವ ಮೊದಲು ಸಂದು ನೋಡಿ

ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಸಂಗ್ರಹಾಲಯಕ್ಕೆ ಹೋದರೆ ಹಳೇ ಕಾರುಗಳ ಬಣ್ಣದ ಜೊತೆ ಬಾಗಿಲ ಸುತ್ತಲಿನ ಸಂದನ್ನೂ ನೋಡಿ. ಬಾಡಿ ನೆಟ್ಟಗಿದೆಯೋ ಇಲ್ಲವೋ ಅಂತ ಹೇಳುವುದು ಆ ಸಂದೇ. ಬಾಗಿಲು ಸರಿಯಾಗಿ ಕೂರದಿದ್ದರೆ ಎಷ್ಟೋ ಜನ ನೇರ ಹಿಂಜ್, ಅಂದರೆ ಬಾಗಿಲ ಕೀಲಿನ ಬೋಲ್ಟ್‌ಗೆ ಸ್ಪ್ಯಾನರ್ ಹಾಕುತ್ತಾರೆ. ಓಪನ್ ಕಾರಿನಲ್ಲಿ ಹಾಗೆ ಮಾಡಬೇಡಿ.

ಈ ಕಾರಿಗೆ ಮೇಲೆ ತಗಡಿನ ಛಾವಣಿ ಇಲ್ಲ. ಬಾಡಿಯ ಭಾರವೆಲ್ಲ ಕೆಳಗಿನ ಭಾಗವೇ ಹೊರಬೇಕು. ಮಾರಿಸ್ ಮೈನರ್, ಎಂಜಿಬಿಯಂಥ ಕಾರುಗಳಿಗೆ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ತಗಡೇ, ಅಂದರೆ ಸಿಲ್, ಬೆನ್ನೆಲುಬು. ಅದು ತುಕ್ಕು ಹಿಡಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ.

ಮೊದಲು ಕಾರನ್ನು ಸಮತಟ್ಟಾದ ಜಾಗದಲ್ಲಿ, ನಾಲ್ಕು ಚಕ್ರದ ಮೇಲೆ ನಿಲ್ಲಿಸಿ. ಜಾಕ್ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ಬಾಗಿಲ ಹಿಂದಿನ ಸಂದು ಮೇಲೆ ಕಿರಿದಾಗಿದೆಯಾ? ಕಾರಣ ಎರಡು ಇರಬಹುದು. ಈಗ ಮುಂದಿನ ಸಂದು, ಅಂದರೆ ಹಿಂಜ್ ಕಡೆಯದು ನೋಡಿ. ಅಲ್ಲಿ ಮೇಲ್ಗಡೆ ಅಗಲವಾಗಿದ್ದರೆ ಬಾಗಿಲು ಜೋತುಬಿದ್ದಿದೆ, ಹಿಂಜ್ ಪಿನ್ ಸವೆದಿರಬಹುದು. ಅಲ್ಲಿ ಮೇಲೂ ಕೆಳಗೂ ಸಮವಾಗಿದ್ದರೆ ಬಾಡಿಯೇ ಕುಸಿದಿರಬಹುದು. ಖಚಿತ ಮಾಡಿಕೊಳ್ಳಲು ಬಾಗಿಲು ಅರ್ಧ ತೆರೆದು ತುದಿಯನ್ನು ಕೈಯಿಂದ ಮೇಲೆತ್ತಿ. ಹಿಂಜ್ ಬಳಿ ಅಲುಗಾಡಿದರೆ ಪಿನ್, ಅದರ ಸುತ್ತಲಿನ ಬುಷ್ (ಕೊಳವೆಯಂಥ ಬಳೆ) ಬದಲಿಸಿ. ಇದು ಸಣ್ಣ ಕೆಲಸ.

ಬಾಡಿ ಕುಸಿದಿದ್ದರೆ ವಿಷಯ ದೊಡ್ಡದು. ಸಿಲ್‌ನ ಅಡಿಯನ್ನು ಸ್ಕ್ರೂ ಡ್ರೈವರ್‌ನಿಂದ ಒತ್ತಿ ನೋಡಿ. ಒಳಗೆ ಹೋದರೆ ತಗಡು ಸತ್ತಿದೆ. ಪುಟ್ಟಿ ಹಾಕಿ ಪೇಂಟ್ ಹೊಡೆಸುವುದರಿಂದ ಏನೂ ಆಗಲ್ಲ. ಟಿಂಕರಿಂಗ್ ಮೇಸ್ತ್ರಿಗೆ ಕಾರು ಕೊಡುವಾಗ ಒಂದು ಮಾತು ಗಟ್ಟಿಯಾಗಿ ಹೇಳಿ: ಸಿಲ್ ಕತ್ತರಿಸುವ ಮೊದಲು ಬಾಗಿಲ ಮುಂದಿನ ಹಿಂಜ್ ಕಂಬದಿಂದ ಹಿಂದಿನ ಲಾಕ್ ಕಂಬಕ್ಕೆ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿಯಬೇಕು. ಒಂದು ಕಡೆ ಮುಗಿದ ಮೇಲೇ ಇನ್ನೊಂದು ಕಡೆ. ಪೈಪ್ ಇಲ್ಲದೆ ಕತ್ತರಿಸಿದರೆ ಬಾಡಿ ನಡುವೆ ಮಡಚಿಕೊಳ್ಳುತ್ತದೆ. ಹೊಸ ಸಿಲ್ ಹಾಕಿದರೂ ಆ ವಕ್ರ ಹಾಗೇ ಉಳಿಯುತ್ತದೆ. ಹೊಸ ತಗಡನ್ನು ಪೂರ್ತಿ ವೆಲ್ಡ್ ಮಾಡುವ ಮೊದಲು ಬಾಗಿಲು ಹಾಕಿ ಸಂದು ನೋಡಲು ಹೇಳಿ.

ಟ್ರಯಂಫ್ ಹೆರಾಲ್ಡ್‌ನಂತೆ ಬೇರೆ ಚಾಸಿ ಇರುವ ಕಾರಾದರೆ ಕೆಲಸ ಸ್ವಲ್ಪ ಸುಲಭ. ಬಾಡಿ ಮತ್ತು ಚಾಸಿ ನಡುವಿನ ರಬ್ಬರ್, ವಾಷರ್‌ಗಳು ಚಪ್ಪಟೆಯಾಗಿರುತ್ತವೆ. ಸಂದು ಮೇಲೆ ಕಿರಿದಾಗಿದ್ದರೆ ಮಧ್ಯದ ಮೌಂಟ್‌ಗಳಿಗೆ, ಅಂದರೆ ಬಾಡಿಯನ್ನು ಚಾಸಿಗೆ ಬೋಲ್ಟ್ ಮಾಡಿರುವ ಜಾಗಗಳಿಗೆ, ಪ್ಯಾಕಿಂಗ್ ಸೇರಿಸಿ. ಒಂದೊಂದೇ ತೆಳು ವಾಷರ್ ಹಾಕಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಸಂದು ನೋಡಿ.

ಈಗ ಹಿಂಜ್. ಲಾಕ್ ಕಂಬದ ಸ್ಟ್ರೈಕರ್, ಅಂದರೆ ಬಾಗಿಲ ಲಾಕ್ ಸಿಕ್ಕಿಕೊಳ್ಳುವ ತುಂಡು, ಬಿಚ್ಚಿಡಿ, ಇಲ್ಲವಾದರೆ ಅದೇ ಬಾಗಿಲನ್ನು ಎತ್ತಿ ಹಿಡಿದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಬಾಗಿಲ ಕೆಳಗೆ ಮರದ ತುಂಡಿನ ಆಸರೆ ಕೊಡಿ. ಒಂದು ಹಿಂಜ್ ಬಿಗಿಯಾಗಿರಲಿ, ಇನ್ನೊಂದನ್ನು ಮಾತ್ರ ಸಡಿಲಿಸಿ. ಸುತ್ತಲೂ ಸುಮಾರು 4ರಿಂದ 5 ಮಿಲಿಮೀಟರ್ ಸಂದು ಬಂದರೆ ಸಾಕು. ಹಳೇ ಕಾರುಗಳು ಫ್ಯಾಕ್ಟರಿಯಿಂದ ಬರುವಾಗಲೂ ಕೂದಲೆಳೆಯಷ್ಟು ಸಮ ಇರಲಿಲ್ಲ.

ಗಾಜು, ಲಾಕ್, ರಬ್ಬರ್ ಬೀಡಿಂಗ್ ಎಲ್ಲ ಹಾಕಿಯೇ ಹೊಂದಿಸಿ. ಖಾಲಿ ಬಾಗಿಲು ಹಗುರ, ಆಮೇಲೆ ಭಾರ ಸೇರಿದಾಗ ಇಳಿಯುತ್ತದೆ. ಹೊಸ ಬೀಡಿಂಗ್ ದಪ್ಪಗಿದ್ದು ಬಾಗಿಲನ್ನು ಹೊರಗೆ ನೂಕುತ್ತದೆ. ಹುಡ್, ಅಂದರೆ ಮಡಚುವ ಬಟ್ಟೆಯ ಮೇಲ್ಛಾವಣಿ ಮುಚ್ಚಿ, ಗಾಜು ಏರಿಸಿ ಒಮ್ಮೆ ನೋಡಿ. ಸ್ಟ್ರೈಕರ್ ಕೂರಿಸುವುದು ಕೊನೆಗೆ. ಬಾಗಿಲ ಅಡಿಯ ನೀರಿನ ತೂತುಗಳನ್ನು ಒಂದು ತಂತಿಯಿಂದ ಚೊಕ್ಕ ಮಾಡಿಡಿ, ಮಳೆಗಾಲದ ನೀರು ಅಲ್ಲೇ ನಿಂತು ತಗಡು ತಿನ್ನುತ್ತದೆ.

ಆಮೇಲೆ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸಂದು ಮತ್ತೆ ಅಳೆಯಿರಿ, ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಅಳತೆ ಬದಲಾಗದಿದ್ದರೆ ಮಾತ್ರ ಪೇಂಟ್‌ಗೆ ಕೊಡಿ.