ಆಟದಲ್ಲಿ ಲ್ಯಾಗ್ ಬಂದರೆ ಮೊದಲು ಪ್ಲಾನ್ ಬದಲಿಸಬೇಡಿ

'ಅಕ್ಕಾ, ಮೊದಲು ಗುಂಡು ಹೊಡೆದವನೂ ನಾನೇ, ಸತ್ತವನೂ ನಾನೇ!' ರಾತ್ರಿ ಒಂಬತ್ತಾದರೆ ಸಾಕು, ತಮ್ಮನ ಕೂಗು ಶುರುವಾಗುತ್ತಿತ್ತು. ಮನೆಯಲ್ಲಿ 50 ಎಂಬಿಪಿಎಸ್ ಫೈಬರ್ ಇತ್ತು. ಸಾಲುತ್ತಿಲ್ಲವೇನೋ ಅಂತ 100ಕ್ಕೆ ಏರಿಸಿದೆವು. ಬಿಲ್ ಜಾಸ್ತಿಯಾಯಿತು, ಲ್ಯಾಗ್, ಅಂದರೆ ಆಟ ತಡವಾಗಿ ಸ್ಪಂದಿಸುವುದು, ಹಾಗೇ ಉಳಿಯಿತು.

ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಹರಿಯುತ್ತದೆ ಅನ್ನುವ ಲೆಕ್ಕ. ಪಿಂಗ್ ಬೇರೆ. ನಿಮ್ಮ ಕಡೆಯಿಂದ ಹೊರಟ ಸಂದೇಶ ಸರ್ವರ್ (ಆಟ ನಡೆಸುವ ದೂರದ ಕಂಪ್ಯೂಟರ್) ಮುಟ್ಟಿ, ಉತ್ತರ ವಾಪಸ್ ಬರಲು ಹಿಡಿಯುವ ಸಮಯ ಅದು. ಆಟಕ್ಕೆ ಬೇಕಾದ ಡೇಟಾ ತೀರಾ ಕಡಿಮೆ, ಆದರೆ ಹೊತ್ತಿಗೆ ಸರಿಯಾಗಿ ಬರಬೇಕು. ಹಾಗಾಗಿ ತಡ ಎಲ್ಲಿ ಆಗುತ್ತಿದೆ ಅಂತ ಮೊದಲು ಹುಡುಕಿ.

ಅಳೆಯಿರಿ

ಆಟ ಆಡುವ ವೈಫೈಗೇ ಸೇರಿಸಿದ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ರೂಟರ್ ವಿಳಾಸ ಹಾಕಿ. ಅದು ಹೆಚ್ಚಾಗಿ 192.168.1.1 ಅಥವಾ 192.168.0.1, ರೂಟರ್‌ನ ಸ್ಟಿಕರ್ ನೋಡಿದರೆ ಸಿಗುತ್ತದೆ. ಮತ್ತೆ ಜಾಗ ಬಿಟ್ಟು ಹೈಫನ್, ಅದಕ್ಕೆ ಅಂಟಿಕೊಂಡಂತೆ ಸಣ್ಣಕ್ಷರದ ಟಿ. ಎಂಟರ್ ಒತ್ತಿ. ಇನ್ನೊಂದು ವಿಂಡೋ ತೆರೆದು 8.8.8.8ಕ್ಕೂ ಹೀಗೇ ಮಾಡಿ, ಅದು ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್‌ನ ವಿಳಾಸ. ಲ್ಯಾಗ್ ಬರುವ ಹೊತ್ತಲ್ಲೇ ಎರಡನ್ನೂ ಓಡಲು ಬಿಡಿ. ನಿಲ್ಲಿಸಲು ಕಂಟ್ರೋಲ್ ಜೊತೆ ಸಿ.

ರೂಟರ್ ಕಡೆಯ ಅಂಕಿ 1ರಿಂದ 5 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಇರಬೇಕು. ಅದೇ 80, 200 ಅಂತ ಹಾರುತ್ತಿದ್ದರೆ ತೊಂದರೆ ನಿಮ್ಮ ವೈಫೈನಲ್ಲೇ ಇದೆ. ರೂಟರ್ ಶಾಂತವಾಗಿದ್ದು 8.8.8.8 ಮಾತ್ರ ಹಾರಿದರೆ ತಡ ಅದರಾಚೆಗೆ.

ವೈಫೈ ತೊಂದರೆಯಾದರೆ

ರೂಟರ್‌ನಿಂದ ಕಂಪ್ಯೂಟರ್‌ಗೆ ಲ್ಯಾನ್ ಕೇಬಲ್ ಎಳೆಯಿರಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕ್ಯಾಟ್ 5ಇ ಕೇಬಲ್ ಧಾರಾಳವಾಗಿ ಸಾಕು. ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಬನ್ನಿ. ವೈಫೈನ ಇನ್ನೊಂದು ಬಗೆಯಾದ 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲ ಒಂದೇ ಕಡೆ ನುಗ್ಗುತ್ತವೆ. ಆದರೆ 5 ಗೋಡೆ ದಾಟುವುದರಲ್ಲಿ ಸೋಲುತ್ತದೆ. ರೂಟರ್ ಟಿವಿ ಹಿಂದೆ ಅಡಗಿದ್ದರೆ ಹೊರಗೆ ತನ್ನಿ. 2.4ರಲ್ಲೇ ಇರಬೇಕಾದರೆ ರೂಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ.

ನಮ್ಮ ಮನೆಯಲ್ಲಿ ಸಿಕ್ಕ ಕಳ್ಳ

ನಮ್ಮಲ್ಲಿ ರೂಟರ್ ಅಂಕಿ 2 ದಾಟಲಿಲ್ಲ. 8.8.8.8 ಮಾತ್ರ ಒಂಬತ್ತಕ್ಕೆ ಸರಿಯಾಗಿ 300ಕ್ಕೆ ಏರುತ್ತಿತ್ತು. ಒಂದೊಂದೇ ಫೋನ್‌ನ ವೈಫೈ ಆಫ್ ಮಾಡುತ್ತಾ ಬಂದೆ. ಅಮ್ಮನ ಫೋನ್‌ನದು ಆಫ್ ಮಾಡಿದೆ, 12ಕ್ಕೆ ಇಳಿಯಿತು! ಊಟ ಮುಗಿಸಿ ಅಮ್ಮ ಫೋನ್ ಚಾರ್ಜ್‌ಗೆ ಹಾಕುತ್ತಿದ್ದರು. ಮದುವೆ ಮನೆಯ ವಿಡಿಯೊಗಳೆಲ್ಲ ಆಗಲೇ ಬ್ಯಾಕಪ್ ಆಗಲು ಶುರುವಾಗುತ್ತಿದ್ದವು.

ದಿನಸಿ ಅಂಗಡಿಯಲ್ಲಿ ತಿಂಗಳ ಸಾಮಾನಿನ ಚೀಟಿ ಹಿಡಿದ ನಾಲ್ಕು ಜನರ ಹಿಂದೆ ಬೆಂಕಿಪೊಟ್ಟಣಕ್ಕೆ ಬಂದ ಹುಡುಗ ನಿಂತ ಹಾಗೆ ಇದು. ಅಪ್‌ಲೋಡ್ ದಾರಿ ತುಂಬಿದಾಗ ರೂಟರ್ ಎಲ್ಲವನ್ನೂ ಸಾಲಲ್ಲಿ ನಿಲ್ಲಿಸುತ್ತದೆ, ಆಟದ ಪುಟ್ಟ ಸಂದೇಶ ಅದರ ಕೊನೆಯಲ್ಲಿ ಕಾಯುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ 2010ರಲ್ಲಿ ಇದನ್ನು ಗುರುತಿಸಿದ್ದೂ ತಮ್ಮ ಮನೆಯ ನೆಟ್‌ನಲ್ಲೇ.

ಬ್ಯಾಕಪ್ ಹೊತ್ತು ಬದಲಿಸುವುದು ಸುಲಭ. ಪಕ್ಕಾ ಪರಿಹಾರ ಬೇಕಾದರೆ ರೂಟರ್ ಸೆಟ್ಟಿಂಗ್‌ನಲ್ಲಿ ಕ್ಯೂಒಎಸ್ (QoS) ಅಥವಾ ಎಸ್‌ಕ್ಯೂಎಂ (SQM) ಇದೆಯಾ ನೋಡಿ, ಈ ಸಾಲನ್ನು ನಿಭಾಯಿಸುವ ಸೌಲಭ್ಯಗಳು ಇವು. ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಮಗೆ ನಿಜವಾಗಿ ಸಿಗುವ ವೇಗದ ಶೇ 90ಕ್ಕೆ ಇಡಿ. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸಾಲೇ ಬೆಳೆಯುವುದಿಲ್ಲ.

ದೂರದ ಲೆಕ್ಕ

ಎರಡೂ ಅಂಕಿ ಚೆನ್ನಾಗಿದ್ದೂ ಆಟದಲ್ಲಿ ಪಿಂಗ್ ಜಾಸ್ತಿ ಇದ್ದರೆ, ಆಟದ ಸೆಟ್ಟಿಂಗ್‌ನಲ್ಲಿ ಸರ್ವರ್ ಯಾವ ಊರಿನದು ನೋಡಿ. ಫೈಬರ್ ಒಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರ 3,000 ಕಿ.ಮೀ.ಗೂ ಜಾಸ್ತಿ. ಹೋಗಿ ಬರಲು 30 ಮಿಲಿಸೆಕೆಂಡ್ ಬೇಕೇ ಬೇಕು, ಯಾವ ಪ್ಲಾನ್ ಹಾಕಿಸಿದರೂ ಅಷ್ಟೇ. ವ್ಯಾಲರಂಟ್‌ನಂಥ ಆಟಕ್ಕೆ ಮುಂಬೈ ಸರ್ವರ್ ಇದೆ, ಅದನ್ನೇ ಆರಿಸಿ.

ಇನ್ನು ಕೇಬಲ್ ಹಾಕಿ, ಬೇರೆ ಎಲ್ಲ ಫೋನ್‌ಗಳ ವೈಫೈ ಆಫ್ ಮಾಡಿದರೂ 8.8.8.8 ಹಾರುತ್ತಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ಸುಮ್ನೆ 'ನೆಟ್ ಸ್ಲೋ' ಅನ್ನಬೇಡಿ, ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. 'ರೂಟರ್‌ಗೆ 2, ಹೊರಗೆ 250, ಮೂರು ದಿನದಿಂದ ರಾತ್ರಿ ಒಂಬತ್ತಕ್ಕೆ' ಅಂತ ಹೇಳಿ, ಸ್ಕ್ರೀನ್‌ಶಾಟ್ ಕಳಿಸಿ, ದೂರಿನ ನಂಬರ್ ಬರೆದುಕೊಳ್ಳಿ.